ಆ ಹಾಳೆಗೆ ಶುಕ್ರವಾರವೇ ಸಹಿ ಹಾಕಬೇಕಿಲ್ಲ

ಚಳಿಗಾಲದ ಒಂದು ಮಂಗಳವಾರ ರಾತ್ರಿ ಗೆಳೆಯನೊಬ್ಬ ಮನೆಗೆ ಬಂದ. ಕೆನಡಾದ ಟೊರಾಂಟೋ ಪಕ್ಕದ ಮಿಸಿಸಾಗಾದಲ್ಲಿ ಅವನ ಮನೆಗೂ ನಮ್ಮ ಮನೆಗೂ ಹತ್ತು ನಿಮಿಷದ ದಾರಿ. ಕೋಟು ಬಿಚ್ಚಿ ಕೂರುವ ಮೊದಲೇ ಫೋನ್ ತೆಗೆದು ಒಂದು ಪಿಡಿಎಫ್ ತೋರಿಸಿದ. ಬೆಳಗ್ಗೆ ಒಂಬತ್ತೂವರೆಗೆ ಹದಿನೈದು ನಿಮಿಷದ ವಿಡಿಯೋ ಕಾಲ್. ಮ್ಯಾನೇಜರ್ ಎರಡು ಮಾತಾಡಿ ಹೊರಟುಹೋದರಂತೆ, ಉಳಿದದ್ದನ್ನು ಎಚ್‌ಆರ್‌ನವರು ಓದಿ ಹೇಳಿದರಂತೆ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಲಾಕ್. ಅವನನ್ನು ಕೆಲಸದಿಂದ ತೆಗೆದಿದ್ದರು. ಅವನ ವಯಸ್ಸು 46. ಅದೇ ಕಂಪನಿಯಲ್ಲಿ ಒಂಬತ್ತು ವರ್ಷ ತುಂಬಿತ್ತು. ಸಂಬಳ ವರ್ಷಕ್ಕೆ 1,04,000 ಡಾಲರ್, ಅಂದರೆ ವಾರಕ್ಕೆ 2,000.

ಪಿಡಿಎಫ್‌ನಲ್ಲಿ ಐದು ಪುಟ. 18 ವಾರದ ಸಂಬಳ ಕೊಡುತ್ತೇವೆ, ಶುಕ್ರವಾರ ಸಂಜೆ ಐದರೊಳಗೆ ಸಹಿ ಹಾಕಿ ಕಳಿಸಿ ಎಂದು ಬರೆದಿತ್ತು.

"ಹದಿನೆಂಟು ವಾರ ಕಣೋ. ಬೆಂಗಳೂರಲ್ಲಾಗಿದ್ರೆ ಇದರ ಅರ್ಧನೂ ಕೊಡ್ತಿರ್ಲಿಲ್ಲ. ಸಹಿ ಹಾಕಿ ಮುಗಿಸಿಬಿಡ್ತೀನಿ," ಅಂದ.

ಮೇಜಿನ ಮೇಲೆ ಹೈಡ್ರೋ, ಅಂದರೆ ಕರೆಂಟ್ ಬಿಲ್ಲಿನ ಕವರ್ ಬಿದ್ದಿತ್ತು. ಅದರ ಹಿಂದೆ ಲೆಕ್ಕ ಬರೆದೆವು. ನಾವಿರುವ ಒಂಟಾರಿಯೋ ಪ್ರಾಂತ್ಯದ ಎಂಪ್ಲಾಯ್‌ಮೆಂಟ್ ಸ್ಟ್ಯಾಂಡರ್ಡ್ಸ್ ಆಕ್ಟ್ ಪ್ರಕಾರ, ಎಂಟು ವರ್ಷ ದಾಟಿದವರನ್ನು ತೆಗೆಯಬೇಕಾದರೆ 8 ವಾರದ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ವಾರದ ಸಂಬಳ ಕೊಡಬೇಕು. ಇದಕ್ಕೆ ಟರ್ಮಿನೇಷನ್ ಪೇ ಅನ್ನುತ್ತಾರೆ. ಐದು ವರ್ಷಕ್ಕಿಂತ ಜಾಸ್ತಿ ದುಡಿದಿದ್ದು, ಕಂಪನಿಯ ಒಟ್ಟು ಸಂಬಳದ ಖರ್ಚು ವರ್ಷಕ್ಕೆ 25 ಲಕ್ಷ ಡಾಲರ್ ಮುಟ್ಟಿದರೆ, ಅದರ ಮೇಲೆ ಸೆವೆರೆನ್ಸ್ ಪೇ ಅಂತ ಇನ್ನೊಂದು ಬರುತ್ತದೆ. ವರ್ಷಕ್ಕೆ ಒಂದು ವಾರ, ಹೆಚ್ಚೆಂದರೆ 26 ವಾರ. ಅವನಿಗೆ 9. ಎಂಟಕ್ಕೆ ಒಂಬತ್ತು ಸೇರಿಸಿದರೆ ಹದಿನೇಳು.

ಈ ಹದಿನೇಳು ವಾರ ಸಹಿ ಹಾಕಿದರೂ ಬರಬೇಕು, ಹಾಕದಿದ್ದರೂ ಬರಬೇಕು. ಅದನ್ನು ತಡೆಹಿಡಿಯುವ ಅಧಿಕಾರ ಕಂಪನಿಗೆ ಇಲ್ಲ. ಕೆಲಸ ನಿಂತ ಏಳು ದಿನದೊಳಗೆ ಅಥವಾ ಮುಂದಿನ ಸಂಬಳದ ದಿನ, ಇವೆರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಕೊಡಬೇಕು. ಹಾಗಾದರೆ ಅವನ ಸಹಿಗೆ ಕಂಪನಿ ಕಟ್ಟಿದ್ದ ಬೆಲೆ ಎಷ್ಟು? ಒಂದು ವಾರ. ತೆರಿಗೆ ಹಿಡಿಯುವ ಮುಂಚೆ ಎರಡು ಸಾವಿರ ಡಾಲರ್.

ಅದಕ್ಕೆ ಬದಲಾಗಿ ಅವರು ಕೇಳಿದ್ದು ನಾಲ್ಕನೇ ಪುಟದಲ್ಲಿತ್ತು. ಇಲ್ಲಿ ಅದನ್ನು ರಿಲೀಸ್ ಎನ್ನುತ್ತಾರೆ. ನಮ್ಮೂರ ಕಡೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಣ್ಣುಮಕ್ಕಳಿಂದ ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರ ಗೊತ್ತಲ್ವಾ? ಇದೂ ಅದೇ. ಅಲ್ಲಿ ಒಂದು ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ ಕೊಟ್ಟು ಆಸ್ತಿಯ ಪಾಲು ಬಿಡಿಸಿಕೊಳ್ಳುತ್ತಾರೆ. ಇಲ್ಲಿ ಒಂದು ವಾರದ ಸಂಬಳ ಕೊಟ್ಟು, ಮುಂದೆ ಯಾವ ಕೋರ್ಟಿನಲ್ಲೂ ಏನನ್ನೂ ಕೇಳುವುದಿಲ್ಲ ಎಂದು ಬರೆಸಿಕೊಳ್ಳುತ್ತಾರೆ. ತನಗೆ ಪಾಲು ಇದೆ ಅನ್ನುವುದೇ ಗೊತ್ತಿಲ್ಲದ ಮನುಷ್ಯ ಸಹಿ ಹಾಕುವಾಗ ಏನು ಕಳೆದುಕೊಳ್ಳುತ್ತಿದ್ದೇನೆ ಅಂತ ಹೇಗೆ ಯೋಚಿಸುತ್ತಾನೆ?

ಆ ಪಾಲಿನ ಬಗ್ಗೆಯೇ ನಾನು ಇಲ್ಲಿ ಜಾಸ್ತಿ ಹೇಳಬೇಕಿರುವುದು.

ಮೊದಲು ಯಾವ ಕಾನೂನು ಯಾರಿಗೆ ಅನ್ನುವುದು. ಕೆನಡಾದಲ್ಲಿ ಉದ್ಯೋಗದ ವಿಷಯ ಮುಖ್ಯವಾಗಿ ಪ್ರಾಂತ್ಯಗಳದ್ದು. 1925ರಲ್ಲಿ ಟೊರಾಂಟೋದ ವಿದ್ಯುತ್ ಕಮಿಷನರ್‌ಗಳ ಮೊಕದ್ದಮೆಯೊಂದು ಆಗ ಕೆನಡಾಕ್ಕೂ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಅಲ್ಲಿ ಹಾಗೆ ತೀರ್ಮಾನವಾಯಿತು. ಬ್ಯಾಂಕು, ವಿಮಾನ, ರೈಲು, ಟೆಲಿಕಾಂ, ಪ್ರಾಂತ್ಯದ ಗಡಿ ದಾಟುವ ಟ್ರಕ್, ಇಂಥ ಕೆಲವು ಕ್ಷೇತ್ರಗಳಿಗೆ ಮಾತ್ರ ಒಟ್ಟಾವಾದ ಕೇಂದ್ರ ಸರಕಾರದ ಕೆನಡಾ ಲೇಬರ್ ಕೋಡ್. ದೇಶದ ದುಡಿಯುವ ಜನರಲ್ಲಿ ನೂರಕ್ಕೆ ಆರು ಮಂದಿಯಷ್ಟೇ ಅದರ ಕೆಳಗೆ ಬರುತ್ತಾರೆ. ಉಳಿದವರೆಲ್ಲ ತಂತಮ್ಮ ಪ್ರಾಂತ್ಯದ ಕಾನೂನಿನ ಕೆಳಗೆ. ಗೆಳೆಯನದು ಸಾಫ್ಟ್‌ವೇರ್ ಕಂಪನಿ, ಹಾಗಾಗಿ ಒಂಟಾರಿಯೋ.

ಒಂಟಾರಿಯೋದಲ್ಲಿ ಕೆಲಸ ಕಳೆದುಕೊಂಡವರಿಗೆ ಎರಡು ಕಡೆಯಿಂದ ಹಕ್ಕು ಹುಟ್ಟುತ್ತದೆ. ಒಂದು ವಿಧಾನಸಭೆ ಮಾಡಿದ ಕಾಯ್ದೆಯಿಂದ. ಮೇಲೆ ಲೆಕ್ಕ ಹಾಕಿದ ಹದಿನೇಳು ವಾರ ಅದು. ಇದಕ್ಕಿಂತ ಕಡಿಮೆ ಕೊಡಕೂಡದು ಅನ್ನುವುದಷ್ಟೇ ಅದರ ಅರ್ಥ, ಇಷ್ಟೇ ಕೊಡಬೇಕು ಅಂತ ಅಲ್ಲ. ಇನ್ನೊಂದು ಕೋರ್ಟಿನ ತೀರ್ಪುಗಳಿಂದ ಬೆಳೆದು ಬಂದದ್ದು. ಕಾರಣವಿಲ್ಲದೆ ಒಬ್ಬರನ್ನು ತೆಗೆಯುವಾಗ ಅವರಿಗೆ ಸೂಕ್ತವಾದ ಸಮಯದ ನೋಟಿಸ್ ಕೊಡಬೇಕು, ಅಥವಾ ಆ ಸಮಯದ ಸಂಬಳ ಕೊಡಬೇಕು. ಎಷ್ಟು ಸಮಯ ಸೂಕ್ತ? ಅದಕ್ಕೆ ಇವತ್ತಿಗೂ ಎಲ್ಲರೂ ಹಿಡಿಯುವುದು 1960ರ ಒಂದು ತೀರ್ಪನ್ನು.

ದಿ ಗ್ಲೋಬ್ ಆಂಡ್ ಮೇಲ್ ಪತ್ರಿಕೆಯಲ್ಲಿ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಬಾರ್ಡಲ್ ಅನ್ನುವವರು ಹದಿನಾರು ವರ್ಷಕ್ಕೂ ಜಾಸ್ತಿ ದುಡಿದಿದ್ದರು. ಪತ್ರಿಕೆ ಅವರನ್ನು ತೆಗೆಯಿತು, ಅವರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಮೆಕ್‌ರುವರ್ ನಾಲ್ಕು ವಿಷಯ ನೋಡಬೇಕು ಎಂದರು: ಎಂಥ ಕೆಲಸ, ಎಷ್ಟು ವರ್ಷ ದುಡಿದರು, ವಯಸ್ಸೆಷ್ಟು, ಅಂಥದೇ ಇನ್ನೊಂದು ಕೆಲಸ ಸಿಗುವ ಸಾಧ್ಯತೆ ಎಷ್ಟು. ಬಾರ್ಡಲ್‌ಗೆ ಸಿಕ್ಕಿದ್ದು ಒಂದು ವರ್ಷ. ಈ ನಾಲ್ಕನ್ನು ಅಳೆದು ನೋಡುವ ಕೆಲಸ ಅಂದಿನಿಂದ ಸಾವಿರಾರು ಮೊಕದ್ದಮೆಗಳಲ್ಲಿ ನಡೆದಿದೆ. ವರ್ಷಕ್ಕೆ ಒಂದು ತಿಂಗಳು ಅಂತ ಒಂದು ಲೆಕ್ಕ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದು ನಿಯಮ ಅಲ್ಲ, ಅಂಥ ನಿಯಮ ಮಾಡಬಾರದು ಅಂತ ಒಂಟಾರಿಯೋದ ಮೇಲ್ಮನವಿ ಕೋರ್ಟ್ 1999ರಲ್ಲೇ ಹೇಳಿದೆ. ಕೆಲವರಿಗೆ ಅದಕ್ಕಿಂತ ಜಾಸ್ತಿ ಬರುತ್ತದೆ, ಕೆಲವರಿಗೆ ಕಡಿಮೆ. ತೀರಾ ವಿಶೇಷ ಸಂದರ್ಭ ಬಿಟ್ಟರೆ 24 ತಿಂಗಳು ದಾಟುವುದಿಲ್ಲ. ಕಾಯ್ದೆಯ ಹದಿನೇಳು ವಾರವೂ ಈ ಮೊತ್ತದ ಒಳಗೇ ಸೇರುತ್ತದೆ.

46ರ ವಯಸ್ಸು, ಒಂಬತ್ತು ವರ್ಷ, ಸೀನಿಯರ್ ಕೆಲಸ, ಹೊಸ ಕೆಲಸ ಸಿಗುವುದು ಕಷ್ಟದ ಕಾಲ. ನಾವು ಆಮೇಲೆ ಭೇಟಿಯಾದ ವಕೀಲೆ ಎಂಟರಿಂದ ಹತ್ತು ತಿಂಗಳ ಆಸುಪಾಸು ವಾದ ಮಾಡಬಹುದು ಎಂದರು. ಎಂಟು ತಿಂಗಳು ಅಂದರೂ 69,000 ಡಾಲರ್ ದಾಟುತ್ತದೆ. ಅವನ ಮುಂದೆ ಇಟ್ಟದ್ದು 36,000.

ಈ ದೊಡ್ಡ ಮೊತ್ತ ಎಲ್ಲರಿಗೂ ಸಿಗುತ್ತದೆಯೇ? ಇಲ್ಲ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ, ತೆಗೆದರೆ ಕಾಯ್ದೆಯ ಕನಿಷ್ಠ ಮಾತ್ರ ಅಂತ ಸರಿಯಾಗಿ ಬರೆದಿದ್ದರೆ ಕೋರ್ಟಿನ ಲೆಕ್ಕ ಅಲ್ಲಿಗೆ ಮುಗಿಯಿತು. ಹಾಗಾಗಿ ಆ ರಾತ್ರಿ ಗೆಳೆಯನಿಗೆ ನಾನು ಹೇಳಿದ ಮೊದಲ ಕೆಲಸ, ಹಳೆಯ ಆಫರ್ ಲೆಟರ್ ಹುಡುಕು ಅಂತ. ಆಫೀಸಿನ ಮೇಲ್ ಆಗಲೇ ಬಂದ್ ಆಗಿತ್ತು. ಪುಣ್ಯಕ್ಕೆ ಒಂಬತ್ತು ವರ್ಷದ ಹಿಂದೆ ಮನೆ ಬಾಡಿಗೆಗೆ ಹಿಡಿಯುವಾಗ ಮಾಲೀಕರಿಗೆ ತೋರಿಸಲು ಅದನ್ನು ತನ್ನದೇ ಜಿಮೇಲ್‌ಗೆ ಕಳಿಸಿಕೊಂಡಿದ್ದ.

ಹನ್ನೊಂದನೇ ಷರತ್ತಿನಲ್ಲಿ ಎರಡು ವಾಕ್ಯ ಇತ್ತು. ಮೊದಲನೆಯದು: ತಕ್ಕ ಕಾರಣ ಇದ್ದರೆ ಯಾವ ನೋಟಿಸೂ ಹಣವೂ ಇಲ್ಲದೆ ತೆಗೆಯಬಹುದು. ಎರಡನೆಯದು: ಕಾರಣ ಇಲ್ಲದೆ ತೆಗೆದರೆ ಕಾಯ್ದೆಯ ಕನಿಷ್ಠ ಕೊಡುತ್ತೇವೆ. ಓದಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ತೊಡಕಿರುವುದು ಮೊದಲನೆಯ ವಾಕ್ಯದಲ್ಲಿ. ಒಂಟಾರಿಯೋದ ಕಾಯ್ದೆ ಪ್ರಕಾರ ಬರಿಗೈಯಲ್ಲಿ ಕಳಿಸಬೇಕಾದರೆ ಸುಮ್ನೆ ತಪ್ಪು ಮಾಡಿದರೆ ಸಾಲದು, ಬೇಕಂತಲೇ ಮಾಡಿದ ಗಂಭೀರ ತಪ್ಪು ಇರಬೇಕು. ಕೆಲಸದಲ್ಲಿ ಎಡವುವವನು, ಮತ್ತೆ ಮತ್ತೆ ಲೇಟಾಗಿ ಬರುವವನು ಕೋರ್ಟಿನ ಅಳತೆಯಲ್ಲಿ ತಕ್ಕ ಕಾರಣಕ್ಕೆ ಸಿಕ್ಕಿಬೀಳಬಹುದು. ಆದರೂ ಕಾಯ್ದೆಯ ಕನಿಷ್ಠ ಅವನಿಗೆ ಸಲ್ಲಬೇಕು. ಅಂದರೆ ಆ ಮೊದಲ ವಾಕ್ಯ ಕಾಯ್ದೆಗಿಂತ ಕಡಿಮೆ ಕೊಡುತ್ತದೆ. ಕಾಯ್ದೆಗಿಂತ ಕಡಿಮೆ ಕೊಡುವ ಕರಾರು ನಿಲ್ಲುವುದಿಲ್ಲ.

ಇದರ ಹಿಂದೆ ಎರಡು ತೀರ್ಪಿದೆ. 1992ರಲ್ಲಿ ಮ್ಯಾಕ್‌ಟಿಂಗರ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು: ಕರಾರು ಕನಿಷ್ಠಕ್ಕಿಂತ ಕೆಳಗಿದ್ದರೆ ನೌಕರನಿಗೆ ಕನಿಷ್ಠ ಕೊಟ್ಟು ಸುಮ್ಮನಾಗುವಂತಿಲ್ಲ, ಪೂರ್ತಿ ಸೂಕ್ತ ನೋಟಿಸೇ ಸಲ್ಲಬೇಕು. ಕಾರಣವನ್ನೂ ಬಿಡಿಸಿ ಹೇಳಿತು. ಸಿಕ್ಕಿಬಿದ್ದಾಗ ಕನಿಷ್ಠ ಕೊಟ್ಟರೆ ಆಯಿತು ಅಂತಾದರೆ ಕಾನೂನು ಪಾಲಿಸುವ ದರ್ದು ಮಾಲೀಕರಿಗೆ ಎಲ್ಲಿಂದ ಬರುತ್ತದೆ? ಹೆಚ್ಚಿನ ನೌಕರರು ಕೋರ್ಟಿಗೆ ಹೋಗುವುದೇ ಇಲ್ಲ ಅನ್ನುವುದು ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ನನಗೆ ಈ ತೀರ್ಪಿನ ಮೇಲೆ ಗೌರವ ಇರುವುದು ಅದಕ್ಕೇ.

ಎರಡನೆಯದು 2020ರ ವಾಕ್ಸ್‌ಡೇಲ್ ಪ್ರಕರಣ. ಕಂಪನಿ ವಾಕ್ಸ್‌ಡೇಲ್ ಅವರನ್ನು ಕಾರಣವಿಲ್ಲದೆ ತೆಗೆದಿತ್ತು. ಹಾಗೆ ತೆಗೆಯುವುದಕ್ಕೆ ಕರಾರಿನಲ್ಲಿದ್ದ ಷರತ್ತು ಸರಿಯಾಗೇ ಇತ್ತು. ಆದರೆ ಕಾರಣ ಇದ್ದಾಗ ತೆಗೆಯುವ ಷರತ್ತು ಕಾಯ್ದೆಗೆ ವಿರುದ್ಧವಾಗಿತ್ತು. ಅದನ್ನು ನಾವು ಬಳಸಿಯೇ ಇಲ್ಲವಲ್ಲ ಅಂತ ಕಂಪನಿ ವಾದಿಸಿತು. ಒಂಟಾರಿಯೋದ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ತೆಗೆಯುವ ಷರತ್ತುಗಳನ್ನೆಲ್ಲ ಒಟ್ಟಿಗೇ ಓದಬೇಕು, ಒಂದು ಹುಳುಕಾದರೆ ಎಲ್ಲವೂ ಬಿದ್ದುಹೋಗುತ್ತದೆ ಎಂದಿತು. ಆ ತೀರ್ಪಿನ ಮುಂಚೆ ಬರೆದ ಎಷ್ಟೋ ಆಫರ್ ಲೆಟರ್‌ಗಳ ಷರತ್ತು ಈ ಕಾರಣಕ್ಕೆ ನಿಲ್ಲುವುದಿಲ್ಲ. ಗೆಳೆಯನ ಹನ್ನೊಂದನೇ ಷರತ್ತೂ ಅಂಥದೇ ಅಂತ ವಕೀಲೆ ಒಂದೇ ಸಲ ಓದಿ ಹೇಳಿದರು. ಕಂಪನಿ ನಿಮ್ಮ ಕರಾರಿನಲ್ಲಿ ಕನಿಷ್ಠ ಅಂತಲೇ ಇದೆ ನೋಡಿ ಎಂದರೆ ಅಲ್ಲಿಗೆ ಸುಮ್ಮನಾಗಬೇಡಿ. ಷರತ್ತು ಇದೆ ಅನ್ನುವುದು ಬೇರೆ, ಅದು ನಿಲ್ಲುತ್ತದೆ ಅನ್ನುವುದು ಬೇರೆ.

ಬೋನಸ್, ಶೇರುಗಳ ವಿಷಯವೂ ಹೀಗೆಯೇ. ಸಂಬಳ ಅಂದ ತಕ್ಷಣ ನಾವು ಮೂಲ ಸಂಬಳ ಅಷ್ಟೇ ಲೆಕ್ಕ ಹಾಕುತ್ತೇವೆ. ನೋವಾ ಸ್ಕೋಷಿಯಾದ ಕಂಪನಿಯೊಂದರಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಮ್ಯಾಥ್ಯೂಸ್ ಅವರು ಕಿರುಕುಳ ತಾಳಲಾರದೆ ಕೆಲಸ ಬಿಟ್ಟರು. ಸುಮಾರು 13 ತಿಂಗಳಾದ ಮೇಲೆ ಕಂಪನಿ ಮಾರಾಟವಾಯಿತು. ಅವರಿಗೆ ಸಲ್ಲಬೇಕಿದ್ದ ನೋಟಿಸ್ 15 ತಿಂಗಳು ಎಂದು ಕೋರ್ಟ್ ಹೇಳಿತ್ತು. ಆ 15 ತಿಂಗಳ ಒಳಗೆ ಬಂದ ಮಾರಾಟದ ಬೋನಸೂ ಅವರದೇ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸುಮಾರು 11 ಲಕ್ಷ ಡಾಲರ್. ಅವರು ತಾವಾಗಿ ರಾಜೀನಾಮೆ ಕೊಟ್ಟಿದ್ದರು ಅನ್ನುವುದನ್ನೂ ಗಮನಿಸಿ. ಕೆಲಸ ಮಾಡಲಾಗದಂತೆ ಮಾಡಿ ಹೊರಗೆ ಹಾಕಿದರೆ ಅದನ್ನೂ ತೆಗೆದುಹಾಕಿದ್ದು ಅಂತಲೇ ಕಾನೂನು ನೋಡುತ್ತದೆ.

ಹಾಗಾದರೆ ಮಂಗಳವಾರ ಪತ್ರ ಬಂದರೆ ಬುಧವಾರ ಏನು ಮಾಡಬೇಕು? ಉದ್ಯೋಗ ಕಾನೂನಿನ ವಕೀಲರಿಗೆ ಪತ್ರ, ಹಳೆಯ ಕರಾರು ಎರಡನ್ನೂ ತೋರಿಸಬೇಕು. ಒಂದು ಸಲ ಓದಿ ಹೇಳಲು ಎಷ್ಟು ಅಂತ ಮೊದಲೇ ಕೇಳಿ, ಬಹಳ ಜನ ಅದಕ್ಕೆ ನಿಗದಿತ ಫೀಸು ಇಟ್ಟಿರುತ್ತಾರೆ. ಕಂಪನಿಗೆ ಒಂದು ಸಾಲಿನ ಮೇಲ್ ಸಾಕು: ಸಲಹೆ ತೆಗೆದುಕೊಳ್ಳುತ್ತಿದ್ದೇನೆ, ಇನ್ನೆರಡು ವಾರ ಸಮಯ ಕೊಡಿ. ಇಐ, ಅಂದರೆ ಸರಕಾರದ ನಿರುದ್ಯೋಗ ವಿಮೆಯ ಅರ್ಜಿಯನ್ನು ತಡಮಾಡಬಾರದು. ಕೊನೆಯ ಕೆಲಸದ ದಿನದಿಂದ ನಾಲ್ಕು ವಾರ ದಾಟಿದರೆ ಸೌಲಭ್ಯ ಕೈತಪ್ಪಬಹುದು. ಹಾಗೆಯೇ ಅವತ್ತಿನಿಂದಲೇ ಕೆಲಸ ಹುಡುಕಿದ ದಾಖಲೆ ಇಡಬೇಕು. ಯಾವ ದಿನ ಯಾವ ಕಂಪನಿಗೆ ಅರ್ಜಿ, ಯಾರು ಏನು ಉತ್ತರ ಕೊಟ್ಟರು. ನಷ್ಟ ಕಡಿಮೆ ಮಾಡಿಕೊಳ್ಳಲು ನೀವು ಪ್ರಯತ್ನ ಪಟ್ಟಿರಬೇಕು ಅಂತ ಕೋರ್ಟ್ ಬಯಸುತ್ತದೆ. ನಡುವೆ ಹೊಸ ಕೆಲಸ ಸಿಕ್ಕರೆ ಅದರ ಸಂಬಳ ಕೋರ್ಟಿನ ಮೊತ್ತದಲ್ಲಿ ಕಳೆದುಹೋಗುತ್ತದೆ. ಕಾಯ್ದೆಯ ಕನಿಷ್ಠ ಮಾತ್ರ ಕಳೆಯುವಂತಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡುವುದು ಪುಕ್ಕಟೆ, ವಕೀಲರೂ ಬೇಕಿಲ್ಲ, ಎರಡು ವರ್ಷ ಸಮಯವಿದೆ. ಹಾಗಂತ ಟರ್ಮಿನೇಷನ್ ಅಥವಾ ಸೆವೆರೆನ್ಸ್ ಪೇ ಕೇಳಿ ಅಲ್ಲಿ ದೂರು ಹಾಕಿದರೆ, ಅದೇ ವಿಷಯಕ್ಕೆ ಕೋರ್ಟಿನಲ್ಲಿ ದೊಡ್ಡ ಮೊತ್ತ ಕೇಳುವ ದಾರಿ ಮುಚ್ಚಿಹೋಗುತ್ತದೆ. ಎರಡು ವಾರದೊಳಗೆ ದೂರು ವಾಪಸ್ ತೆಗೆದುಕೊಂಡರೆ ಮಾತ್ರ ಮತ್ತೆ ತೆರೆಯುತ್ತದೆ. ದೊಡ್ಡ ಕೋರ್ಟಿಗೇ ಹೋಗಬೇಕೆಂದೂ ಇಲ್ಲ. 2025ರ ಅಕ್ಟೋಬರ್ 1ರಿಂದ ಒಂಟಾರಿಯೋದ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಮಿತಿ 35,000ದಿಂದ 50,000 ಡಾಲರ್‌ಗೆ ಏರಿದೆ.

ಇಷ್ಟೆಲ್ಲ ಇದ್ದರೂ ನಮ್ಮವರು ಶುಕ್ರವಾರವೇ ಯಾಕೆ ಸಹಿ ಹಾಕುತ್ತಾರೆ? ನಾನು ಕೇಳಿದ ಉತ್ತರಗಳಲ್ಲಿ ಹಣಕ್ಕಿಂತ ಭಯವೇ ಜಾಸ್ತಿ. ರಿಲೀವಿಂಗ್ ಲೆಟರ್ ಕೊಡದಿದ್ದರೆ? ಹೊಸ ಕಂಪನಿಗೆ ಕೆಟ್ಟದಾಗಿ ಹೇಳಿದರೆ? ಪಿಆರ್, ಅಂದರೆ ಕಾಯಂ ವಾಸದ ಅರ್ಜಿಗೆ ಅನುಭವದ ಪತ್ರ ಬೇಕು, ಅದನ್ನು ಹಿಡಿದಿಟ್ಟುಕೊಂಡರೆ? ಇದು ನಾವು ಬೆಂಗಳೂರಿನಿಂದ ಹೊತ್ತು ತಂದ ಭಯ. ಅಲ್ಲಿ ತೊಂಬತ್ತು ದಿನದ ನೋಟಿಸ್ ಪೀರಿಯಡ್ ನಾವು ಕೊಡಬೇಕು, ಅವರು ರಿಲೀವ್ ಮಾಡುವವರೆಗೆ ಕಾಯಬೇಕು. ಇಲ್ಲಿ ರಿಲೀವಿಂಗ್ ಲೆಟರ್ ಅನ್ನುವ ಪದ್ಧತಿಯೇ ಇಲ್ಲ. ಕೆಲಸ ಮುಗಿದ ದಾಖಲೆ ಅಂದರೆ ಆರ್‌ಒಇ, ರೆಕಾರ್ಡ್ ಆಫ್ ಎಂಪ್ಲಾಯ್‌ಮೆಂಟ್. ಅದನ್ನು ಕೊಡುವುದು ಕಂಪನಿಯ ಕರ್ತವ್ಯ, ಸಹಿಗೂ ಅದಕ್ಕೂ ಸಂಬಂಧವಿಲ್ಲ. ಪಿಆರ್‌ಗೆ ಬೇಕಾದ ಕೆಲಸದ ವಿವರದ ಪತ್ರವನ್ನು ಕೆಲಸದಲ್ಲಿರುವಾಗಲೇ ಕೇಳಿ ಇಟ್ಟುಕೊಳ್ಳಿ, ಪ್ರತಿ ಪ್ರಮೋಷನ್ ಆದಾಗಲೂ ಹೊಸದು ಕೇಳಿ. ಹಕ್ಕು ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಕಾಯ್ದೆಯಲ್ಲಿ ನಿಷಿದ್ಧ. ಸೇಡಲ್ಲ ಅಂತ ಸಾಬೀತು ಮಾಡುವ ಹೊರೆಯೂ ಮಾಲೀಕರ ಮೇಲೆಯೇ.

ಪರ್ಮಿಟ್ ಮೇಲೆ ಇರುವವರ ಭಯ ಇನ್ನೂ ದೊಡ್ಡದು. ಅಮೆರಿಕದ ಎಚ್-1ಬಿಯವರಿಗೆ ಕೆಲಸ ಹೋದರೆ 60 ದಿನ ಅನ್ನುವುದನ್ನು ಕೇಳಿ ಕೇಳಿ ಇಲ್ಲೂ ಹಾಗೆಯೇ ಅಂದುಕೊಳ್ಳುತ್ತಾರೆ. ಇಲ್ಲಿ ವರ್ಕ್ ಪರ್ಮಿಟ್ ಮೇಲೆ ಬರೆದ ದಿನಾಂಕದವರೆಗೆ ನೀವು ದೇಶದಲ್ಲಿ ಇರಬಹುದು. ಒಬ್ಬ ಮಾಲೀಕರ ಹತ್ತಿರ ಮಾತ್ರ ದುಡಿಯಬಹುದಾದ ಕ್ಲೋಸ್ಡ್ ಪರ್ಮಿಟ್ ಆದರೆ ಬೇರೆಯವರ ಹತ್ತಿರ ಕೆಲಸ ಮಾಡಲು ಹೊಸ ಅನುಮತಿ ಬೇಕು, ಅಷ್ಟೇ.

ಬ್ಯಾಂಕು, ಟೆಲಿಕಾಂ, ವಿಮಾನ ಕಂಪನಿಗಳಲ್ಲಿ ನೇರವಾಗಿ ಕೆಲಸಕ್ಕಿರುವವರು ಇದನ್ನು ಗಮನವಿಟ್ಟು ಓದಿ. ಟೊರಾಂಟೋದ ಬ್ಯಾಂಕುಗಳ ಐಟಿ ವಿಭಾಗದಲ್ಲಿ ನಮ್ಮ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರಲ್ಲ. ಅವರಿಗೆ ಲೇಬರ್ ಕೋಡ್ ಅನ್ವಯಿಸುತ್ತದೆ. ಹನ್ನೆರಡು ತಿಂಗಳು ಸತತವಾಗಿ ದುಡಿದ, ಯೂನಿಯನ್ ಇಲ್ಲದ, ಮ್ಯಾನೇಜರ್ ಅಲ್ಲದ ನೌಕರರನ್ನು ಹಣ ಕೊಟ್ಟು ಕಳಿಸಿಬಿಡುವುದಕ್ಕೆ ಆಗುವುದಿಲ್ಲ. ತೆಗೆಯಲು ನ್ಯಾಯವಾದ ಕಾರಣ ಬೇಕು. ಅಟಾಮಿಕ್ ಎನರ್ಜಿ ಆಫ್ ಕೆನಡಾದಲ್ಲಿ ಖರೀದಿ ವಿಭಾಗದಲ್ಲಿದ್ದ ವಿಲ್ಸನ್ ಅವರನ್ನು ನಾಲ್ಕೂವರೆ ವರ್ಷದ ಮೇಲೆ ಆರು ತಿಂಗಳ ಸಂಬಳ ಕೊಡುತ್ತೇವೆ ಎಂದು ತೆಗೆದಿದ್ದರು. ಹಣ ಕೊಟ್ಟ ಮಾತ್ರಕ್ಕೆ ತೆಗೆದದ್ದು ನ್ಯಾಯ ಆಗುವುದಿಲ್ಲ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲಸವನ್ನೇ ಮರಳಿ ಕೊಡಿಸುವ ಅಧಿಕಾರವೂ ಇಲ್ಲಿದೆ. ಆದರೆ ಆ ಹುದ್ದೆಯನ್ನೇ ತೆಗೆದುಹಾಕಿದ್ದರೆ, ನಿಜವಾಗಿಯೂ ಕೆಲಸವೇ ಇಲ್ಲದಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ದೂರಿಗೆ ಇರುವುದು 90 ದಿನ ಮಾತ್ರ.

ಓವರ್‌ಟೈಮ್ ವಿಷಯದಲ್ಲೂ ಈ ಎರಡು ಕಾನೂನಿಗೆ ದೊಡ್ಡ ಅಂತರ. ಒಂಟಾರಿಯೋದಲ್ಲಿ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು. ಆದರೆ ಐಟಿ ವೃತ್ತಿಪರರನ್ನು ಇದರಿಂದ ಹೊರಗಿಟ್ಟಿದ್ದಾರೆ. ಬ್ರಿಟಿಷ್ ಕೊಲಂಬಿಯಾದಲ್ಲೂ ಹೈಟೆಕ್ ನೌಕರರಿಗೆ ಇಂಥದೇ ವಿನಾಯಿತಿ. ಇದು ಅನ್ಯಾಯ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಏಳುವವರ ನಿದ್ದೆ ನಿದ್ದೆಯಲ್ಲವೇ? ಆದರೂ ಒಂದು ಮಾತು. ಬಿಸಿನೆಸ್ ಕಾರ್ಡಿನಲ್ಲಿ ಐಟಿ ಅಂತ ಇದ್ದವರೆಲ್ಲ ಈ ವಿನಾಯಿತಿಯೊಳಗೆ ಬರುವುದಿಲ್ಲ. ವಿಶೇಷ ಜ್ಞಾನ ಬಳಸಿ ಸ್ವತಂತ್ರವಾಗಿ ತೀರ್ಮಾನ ಮಾಡುವ ಕೆಲಸ ಮುಖ್ಯವಾಗಿರಬೇಕು. ಬರೆದುಕೊಟ್ಟ ಸಾಲುಗಳನ್ನು ಓದಿ ಟಿಕೆಟ್ ಮುಚ್ಚುವ ಹೆಲ್ಪ್‌ಡೆಸ್ಕ್ ಕೆಲಸದವರು ಒಮ್ಮೆ ವಿಚಾರಿಸಿ ನೋಡಬೇಕು. ಲೇಬರ್ ಕೋಡ್‌ನಲ್ಲಿ ಐಟಿಗೆ ಇಂಥ ವಿನಾಯಿತಿ ಇಲ್ಲ, ಅಲ್ಲಿ 40 ಗಂಟೆ ದಾಟಿದರೆ ಓವರ್‌ಟೈಮ್. ಟೊರಾಂಟೋದ ಸಿಐಬಿಸಿ ಬ್ಯಾಂಕಿನ ಒಬ್ಬ ಟೆಲ್ಲರ್ ತನಗೆ ಓವರ್‌ಟೈಮ್ ಕೊಟ್ಟಿಲ್ಲ ಅಂತ 2007ರಲ್ಲಿ ಮೊಕದ್ದಮೆ ಹೂಡಿದರು. ಮುಂಚೆಯೇ ಅನುಮತಿ ಪಡೆದಿರಲಿಲ್ಲ ಅನ್ನುವುದು ಬ್ಯಾಂಕಿನ ವಾದ. ಸಾವಿರಾರು ಸಹೋದ್ಯೋಗಿಗಳು ಆ ಮೊಕದ್ದಮೆಯೊಳಗೆ ಬಂದರು. 2023ರಲ್ಲಿ 15.3 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಹದಿನಾರು ವರ್ಷ ಬೇಕಾಯಿತು.

ಸ್ವಂತ ಕಂಪನಿ ತೆರೆದು ಕಾಂಟ್ರಾಕ್ಟ್ ಮೇಲೆ ದುಡಿಯುವ ಐಟಿಯವರಿಗೆ ಕಾಯ್ದೆಯ ರಕ್ಷಣೆ ಸಿಗುವುದು ಕಷ್ಟ. ಆದರೆ ವರ್ಷಗಟ್ಟಲೆ ಒಬ್ಬರಿಗೇ ದುಡಿದಿದ್ದರೆ, ಆದಾಯವೆಲ್ಲ ಅಲ್ಲಿಂದಲೇ ಬರುತ್ತಿದ್ದರೆ, ಅಂಥವರಿಗೂ ಸೂಕ್ತ ನೋಟಿಸ್ ಸಲ್ಲಬೇಕು ಅಂತ ಒಂಟಾರಿಯೋದ ಮೇಲ್ಮನವಿ ಕೋರ್ಟ್ 2009ರಲ್ಲಿ ಹೇಳಿದೆ. ಟ್ರಕ್ ಚಾಲಕರಿಗೂ ಕಂಪನಿ ತೆರೆಸಿ, ಓವರ್‌ಟೈಮ್ ಇಲ್ಲ, ರಜೆ ಸಂಬಳ ಇಲ್ಲ, ಇಐ ಇಲ್ಲ ಅನ್ನುವಂತೆ ಮಾಡುವ ದಂಧೆ ಇದೆ. ಡ್ರೈವರ್ ಇಂಕ್ ಅಂತ ಅದಕ್ಕೆ ಹೆಸರೇ ಬಿದ್ದಿದೆ. ನೌಕರನನ್ನು ನೌಕರನಲ್ಲ ಎಂದು ತೋರಿಸುವುದನ್ನು 2021ರಿಂದ ಲೇಬರ್ ಕೋಡ್ ನೇರವಾಗಿಯೇ ನಿಷೇಧಿಸಿದೆ.

ಇನ್ನು ಎಲ್‌ಎಂಐಎ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಸ್ಥಳೀಯರು ಸಿಗಲಿಲ್ಲ, ಹೊರದೇಶದವರನ್ನು ತೆಗೆದುಕೊಳ್ಳಬಹುದು ಅಂತ ಸರಕಾರ ಮಾಲೀಕರಿಗೆ ಕೊಡುವ ಒಪ್ಪಿಗೆ ಅದು. ಅದಕ್ಕೆ ನೌಕರನಿಂದ ಒಂದು ಸೆಂಟೂ ಕೇಳುವಂತಿಲ್ಲ. ಆದರೆ ಊರಲ್ಲಿ ಜಮೀನು ಅಡವಿಟ್ಟು ತಂದ ಹತ್ತಾರು ಸಾವಿರ ಡಾಲರ್‌ಗೆ ಅದನ್ನು ಮಾರುತ್ತಾರೆ. ಕಾಗದದಲ್ಲಿ ಪೂರ್ತಿ ಸಂಬಳ ಹಾಕಿ, ಅರ್ಧವನ್ನು ನಗದಾಗಿ ವಾಪಸ್ ಇಸಿದುಕೊಳ್ಳುವವರೂ ಇದ್ದಾರೆ. ಪಿಆರ್ ಅಂಕಗಳ ಆಸೆಯೇ ಈ ವ್ಯಾಪಾರದ ಬೇರು ಅಂತ, 2025ರ ಮಾರ್ಚ್ 25ರಿಂದ ಪಿಆರ್‌ಗೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಆಫರ್‌ಗೆ ಕೊಡುತ್ತಿದ್ದ ಅಂಕಗಳನ್ನು ತೆಗೆದುಹಾಕಿದರು. ಒಬ್ಬ ಮಾಲೀಕನಿಗೇ ಕಟ್ಟಿಹಾಕಿದ ಪರ್ಮಿಟ್ಟಿನಲ್ಲಿ ಹಿಂಸೆ ಅನುಭವಿಸುತ್ತಿರುವವರಿಗೆ 2019ರ ಜೂನ್‌ನಿಂದ, ಬೇರೆ ಮಾಲೀಕರ ಹತ್ತಿರವೂ ದುಡಿಯಬಹುದಾದ ಓಪನ್ ಪರ್ಮಿಟ್ ಕೇಳುವ ದಾರಿ ಇದೆ. ಮಾಲೀಕರ ಒಪ್ಪಿಗೆ ಬೇಡ. ಹಿಂಸೆ ಅಂದರೆ ಹೊಡೆತ ಮಾತ್ರ ಅಲ್ಲ. ಸಂಬಳ ಕಸಿಯುವುದು, ನಿನ್ನನ್ನು ವಾಪಸ್ ಕಳಿಸಿಬಿಡುತ್ತೇನೆ ಅಂತ ಹೆದರಿಸುವುದು, ಇವೂ ಸೇರುತ್ತವೆ.

ವಿದ್ಯಾರ್ಥಿಗಳ ಕತೆ ಇದರ ಪಕ್ಕದ್ದೇ. 2024ರ ನವೆಂಬರ್‌ನಿಂದ ತರಗತಿ ನಡೆಯುವ ವಾರಗಳಲ್ಲಿ ಹೊರಗೆ 24 ಗಂಟೆ ದುಡಿಯಬಹುದು. ಅದಕ್ಕಿಂತ ಜಾಸ್ತಿ ದುಡಿಸಿಕೊಂಡು, ನಗದಾಗಿ ಕಡಿಮೆ ಕೊಟ್ಟು, ದೂರು ಕೊಟ್ಟರೆ ನಿನ್ನ ವೀಸಾನೇ ಹೋಗುತ್ತೆ ಅನ್ನುವ ಹೋಟೆಲು, ಅಂಗಡಿಗಳಿವೆ. ಒಂಟಾರಿಯೋದ ಕನಿಷ್ಠ ವೇತನ 2025ರ ಅಕ್ಟೋಬರ್ 1ರಿಂದ ಗಂಟೆಗೆ 17.60 ಡಾಲರ್. ದುಡಿದ ಗಂಟೆಗೆ ಆ ಸಂಬಳ ಸಲ್ಲಬೇಕು, ವೀಸಾ ಯಾವುದೇ ಇರಲಿ. ಮಿತಿ ಮೀರಿ ದುಡಿದಿದ್ದರೆ ವಲಸೆ ಇಲಾಖೆಯ ತೊಡಕು ನಿಜವಾಗಿಯೂ ಬರಬಹುದು, ಅದಕ್ಕೆ ಮೊದಲು ಸಮುದಾಯ ಕಾನೂನು ಕ್ಲಿನಿಕ್ಕಿಗೆ ಹೋಗಿ ಮಾತಾಡಿ, ಅಲ್ಲಿ ಫೀಸಿಲ್ಲ. ಸಾಕ್ಷಿ ಇಲ್ಲವಲ್ಲ ಅಂತ ಕೈಚೆಲ್ಲಬೇಡಿ. ಗೋಡೆಗೆ ಅಂಟಿಸಿದ ಶಿಫ್ಟ್ ಪಟ್ಟಿಯ ಫೋಟೋ, ನಾಳೆ ಬೇಗ ಬಾ ಅನ್ನುವ ಮೆಸೇಜು, ಬಸ್ ಹತ್ತಿದಾಗ ಪ್ರೆಸ್ಟೋ ಕಾರ್ಡ್ ಒತ್ತಿದ ಸಮಯದ ದಾಖಲೆ, ಎಲ್ಲವೂ ಸಾಕ್ಷಿಯೇ. ಬ್ರಾಂಪ್ಟನ್ನಿನಲ್ಲಿ 2021ರಲ್ಲಿ ಪಂಜಾಬಿ ವಿದ್ಯಾರ್ಥಿಗಳು, ಕಾರ್ಮಿಕರು ಸೇರಿ ನೌಜವಾನ್ ಸಪೋರ್ಟ್ ನೆಟ್‌ವರ್ಕ್ ಕಟ್ಟಿದರು. ಸಂಬಳ ಬಾಕಿ ಇಟ್ಟ ಮಾಲೀಕರ ಮನೆ, ಅಂಗಡಿ ಮುಂದೆ ಹೋಗಿ ನಿಂತು ಕೇಳಿದರು. ಒಬ್ಬೊಬ್ಬರೇ ಕೇಳಿದಾಗ ಬಾಗಿಲು ಹಾಕಿಕೊಂಡವರು ಗುಂಪು ಬಂದಾಗ ಹಣ ಎಣಿಸಿಕೊಟ್ಟರು.

ಜಾತಿಯ ವಿಷಯವನ್ನೂ ಹೇಳದೆ ಬಿಡಲಾರೆ. ನಮ್ಮವರೇ ಬಾಸ್, ನಮ್ಮವರೇ ಟೀಮ್ ಆಗಿರುವ ಕಡೆ ನಿಮ್ಮ ಊರು ಯಾವುದು, ನಿಮ್ಮ ಮನೆತನದ ಹೆಸರೇನು ಅಂತ ಕೆದಕುವುದು ಇಲ್ಲೂ ನಡೆಯುತ್ತದೆ. ಬ್ರಿಟಿಷ್ ಕೊಲಂಬಿಯಾದ ಮಾನವ ಹಕ್ಕುಗಳ ನ್ಯಾಯಮಂಡಳಿ 2023ರಲ್ಲಿ, ಟ್ಯಾಕ್ಸಿ ಚಾಲಕರ ಕ್ರಿಸ್‌ಮಸ್ ಪಾರ್ಟಿಯಲ್ಲಿ ಸಹೋದ್ಯೋಗಿಯನ್ನು ಜಾತಿ ಹಿಡಿದು ಬೈದದ್ದು ತಾರತಮ್ಯ ಎಂದು ತೀರ್ಮಾನಿಸಿ ಪರಿಹಾರ ಕೊಡಿಸಿತು. ಅದೇ ವರ್ಷ ಒಂಟಾರಿಯೋದ ಮಾನವ ಹಕ್ಕುಗಳ ಆಯೋಗವೂ ಜಾತಿ ತಾರತಮ್ಯ ತನ್ನ ಕಾನೂನಿನೊಳಗೆ ಬರುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಒಂಟಾರಿಯೋದಲ್ಲಿ ಇಂಥ ಅರ್ಜಿಗೆ ಒಂದು ವರ್ಷ ಸಮಯ.

ಗೆಳೆಯ ಆ ಶುಕ್ರವಾರ ಸಹಿ ಹಾಕಲಿಲ್ಲ. ಐದು ಗಂಟೆ ದಾಟಿತು, ಏನೂ ಆಗಲಿಲ್ಲ. ಮುಂದಿನ ಸಂಬಳದ ದಿನ ಹದಿನೇಳು ವಾರದ ಹಣ ಖಾತೆಗೆ ಬಂತು. ವಕೀಲೆ ಎರಡು ಪುಟದ ಪತ್ರ ಕಳಿಸಿದರು, ಹನ್ನೊಂದನೇ ಷರತ್ತನ್ನು ಹಾಗೇ ಎತ್ತಿ ಬರೆದು. ಆರು ವಾರದ ಮಾತುಕತೆಯ ಮೇಲೆ ಒಟ್ಟು ಎಂಟು ತಿಂಗಳಿಗೆ ಒಪ್ಪಂದವಾಯಿತು. ಅವತ್ತು ಅವನು ರಿಲೀಸಿಗೆ ಸಹಿ ಹಾಕಿದ, ಏನು ಬಿಟ್ಟುಕೊಡುತ್ತಿದ್ದೇನೆ ಅಂತ ತಿಳಿದು ಹಾಕಿದ.

ಅದೇ ಮಂಗಳವಾರ ಅವನ ಜೊತೆ ಇನ್ನೂ ಐದು ಜನರನ್ನು ತೆಗೆದಿದ್ದರು. ಅವರ ಪೈಕಿ ಹುಬ್ಬಳ್ಳಿ ಕಡೆಯ ಒಬ್ಬರು ಹನ್ನೆರಡು ವರ್ಷ ದುಡಿದವರು, ಐವತ್ತು ದಾಟಿದವರು. ವಕೀಲರನ್ನು ನೋಡಿ ಬಂದ ದಿನವೇ ಗೆಳೆಯ ಅವರಿಗೆ ಫೋನ್ ಮಾಡಿದ. ಅವರು ಪಿಡಿಎಫ್ ಬಂದ ರಾತ್ರಿಯೇ ಸಹಿ ಹಾಕಿ ಕಳಿಸಿಬಿಟ್ಟಿದ್ದರು. "ನಾ ಇನ್ನೂ ಪೂರ್ತಿ ಓದಿಲ್ಲ ನೋಡ್ರಿ," ಅಂದರಂತೆ, "ಅದರಾಗ ಏನೈತಿ?"